ಕಲ್ಲಿನ ಮೇಲೆ ಒಂದು ಕಾಲು

ಎಂ-ಸ್ಯಾಂಡಿಗೆ ವಾಸನೆ ಇಲ್ಲ. ಕಲ್ಲು ಪುಡಿ ಮಾಡಿ ಮರಳು ಅಂತ ಮಾರುತ್ತಾರೆ. ಅದರ ಮೇಲೆ ಮಳೆ ಬಿದ್ದರೂ ಅಷ್ಟೇ, ಬಿಸಿಲು ಬಿದ್ದರೂ ಅಷ್ಟೇ. ಹೊಳೆಮರಳು ಹಾಗಲ್ಲ. ಹೋದ ತಿಂಗಳು ಕನಕಪುರದಲ್ಲಿ ನಮ್ಮ ಪಕ್ಕದ ಮನೆಯವರು ಹಳೇ ಶೆಡ್ಡು ಕೆಡವಿದರು. ಅದರ ಹಿಂದೆ ತಗಡು ಮುಚ್ಚಿಟ್ಟಿದ್ದ ಒಂದು ಟ್ರ್ಯಾಕ್ಟರ್ ಹೊಳೆಮರಳು ಆಚೆ ಬಂತು. ಯಾವ ಕಾಲದಲ್ಲೋ ತಂದು ಮರೆತದ್ದು. ಅವತ್ತು ಸಂಜೆ ಸಣ್ಣ ಮಳೆಯಾಯಿತು. ಕಿಟಕಿ ತೆಗೆದರೆ ಒದ್ದೆ ಚಿಪ್ಪಿನ, ಪಾಚಿಯ ವಾಸನೆ ಮೂಗಿಗೆ ಬಡಿಯಿತು, ಅದರ ಹಿಂದೆಯೇ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಕಳೆದರೂ ದೊಡ್ಡಸ್ವಾಮಿಯ ಮೇಲೆ ನನಗೆ ಇಷ್ಟು ಸಿಟ್ಟು ಉಳಿದಿದೆ ಅಂತ ಗೊತ್ತಾಗಿ, ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಖುಷಿಯೂ ಆಯಿತು.

ನಾನು ಫೋಟೊ ತೆಗೆಯುವವಳು. ಬಸ್‌ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ನಮ್ಮ ಸ್ಟುಡಿಯೋ. ಮದುವೆಗಳಲ್ಲಿ ನಮ್ಮ ಯಜಮಾನರು ವಿಡಿಯೋ ನೋಡಿಕೊಳ್ಳುತ್ತಿದ್ದರು, ನಾನು ಸ್ಟಿಲ್. ಹೆಣ್ಣುಮಕ್ಕಳ ಆರತಿ, ಸೀಮಂತ ಅಂದರೆ ಸುತ್ತಿನ ಊರಿನವರು ನನ್ನನ್ನೇ ಕರೆಯುತ್ತಿದ್ದರು. ನನಗೆ ಒಂದು ಚಾಳಿ. ಫೋಟೊಗೆ ನಿಂತವರ ಕಾಲು ಸರಿಯಿಲ್ಲದಿದ್ದರೆ ಕ್ಯಾಮೆರಾ ಒತ್ತುವುದಿಲ್ಲ. ಬಲಗಾಲು ಒಂಚೂರು ಮುಂದೆ, ಎಡಗಾಲು ಓರೆ, ಈಗ ಗಲ್ಲ ಎತ್ತಿ, ಅಂತ ಮದುವೆ ಗಂಡನ್ನೂ ಬಿಡುತ್ತಿರಲಿಲ್ಲ. "ನಮ್ ಭಾಗ್ಯ ದೇವ್ರನ್ನ ನಿಲ್ಸುದ್ರೂ ಕಾಲ್ ಒಸಿ ಈಚ್ಗಿಡಪ್ಪ ಅಂತಾಳೆ" ಅಂತ ನಮ್ಮಪ್ಪ ಊರಲ್ಲೆಲ್ಲ ಆಡಿಕೊಳ್ಳುತ್ತಿದ್ದರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ನನ್ನ ತವರು ಅರ್ಕಾವತಿ ದಂಡೆಯ ಊರು. ರಾಮನಗರ ಇನ್ನೂ ಬೇರೆ ಜಿಲ್ಲೆಯಾಗಿರಲಿಲ್ಲ, ಆ ಕಾಲದ ಮಾತು. ಒಂದು ಬೇಸಿಗೆಯಲ್ಲಿ ನಮ್ಮಮ್ಮ ಹೋದರು. ಹೊಳೆ ಪಕ್ಕದ ಊರ ಸ್ಮಶಾನದಲ್ಲಿ ಮಣ್ಣು ಮಾಡಿದೆವು. ಮೂರನೇ ದಿನ ಹಾಲು-ತುಪ್ಪ. ಗುಡ್ಡೆಯ ತಲೆಯ ಕಡೆ ಸಣ್ಣ ಗುಳಿ ಮಾಡಿ, ಅದರೊಳಕ್ಕೆ ಒಬ್ಬೊಬ್ಬರೇ ಹಾಲು, ತುಪ್ಪ ಬಿಟ್ಟು ಕೈಮುಗಿದೆವು. ಆಮೇಲೆ ಅಪ್ಪ ಕಲ್ಲುಕುಟಿಗನಿಗೆ ಹೇಳಿ ಎದೆಯೆತ್ತರದ ಒಂದು ಕಲ್ಲು ಹೊಡೆಸಿದರು. ಅದರ ಮೇಲೆ ದಪ್ಪ ಅಕ್ಷರದಲ್ಲಿ 'ಚಿಕ್ಕತಾಯಮ್ಮ'. ಬೇರೆ ಏನೂ ಬೇಡ ಅಂದರು. ಕಲ್ಲು ನೆಟ್ಟ ದಿನ ಪಕ್ಕದ ಆರಡಿ ಜಾಗವನ್ನು ಕಾಲಲ್ಲೇ ಅಳೆದು, ನಿಂತಿದ್ದವರಿಗೆಲ್ಲ, "ಇದು ನಂದು ಕಣ್ರಪ್ಪ. ಯಾರೂ ಬಂದ್ ಮಲಿಕ್ಕಬ್ಯಾಡಿ" ಅಂದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ.

ಆ ವರ್ಷ ಬಿಡದಿ ಕಡೆ ದಿನಕ್ಕೊಂದು ಗೋಡೆ ಏಳುತ್ತಿತ್ತು. ಫ್ಯಾಕ್ಟರಿ, ಫ್ಯಾಕ್ಟರಿಯವರಿಗೆ ಕ್ವಾರ್ಟರ್ಸು, ಕ್ವಾರ್ಟರ್ಸಿನವರಿಗೆ ಅಂಗಡಿ. ಎಲ್ಲಕ್ಕೂ ಮರಳು ಬೇಕು. ಹೊಳೆಯಲ್ಲಿ ನೀರು ನೂಲಿನಷ್ಟು, ಮರಳು ಬೇಕಾದಷ್ಟು. ದೊಡ್ಡಸ್ವಾಮಿ ನಮ್ಮೂರಿನವನಲ್ಲ, ಹೊಳೆಯ ಆಚೆ ದಡದ ಊರಿನವನು. ಅವನ ಸ್ವಂತ ಜಮೀನಿನಲ್ಲಿ ಮರಳು ಗುಡ್ಡೆ ಹಾಕಿಕೊಳ್ಳಲು ಪರ್ಮಿಟ್ಟಿತ್ತು. ಆ ಜಮೀನು ತುಂಬಿದ ಮೇಲೆ ಹೊಳೆ ದಾಟಿ ಈಚೆಗೂ ಬಂದ. ಊರ ಗಂಡಸರಲ್ಲಿ ಅರ್ಧ ಜನ ಅವನ ಲಾರಿಗಳಿಗೆ ಮರಳು ತುಂಬಲು ಹೋಗುತ್ತಿದ್ದರು. ಹಾಗಾಗಿ ಯಾರೂ ಉಸಿರೆತ್ತಲಿಲ್ಲ. ಸ್ಮಶಾನದ ಕಡೆಗೆ ಯಾರು ತಾನೆ ದಿನಾ ಹೋಗುತ್ತಾರೆ?

ಪಿತೃಪಕ್ಷದ ಅಮಾವಾಸ್ಯೆಗೆ ನಾನೂ ಅಪ್ಪನೂ ಹೋದೆವು. ಅಪ್ಪನ ಕೈಯಲ್ಲಿ ಹಾಲಿನ ಚೊಂಬು, ನನ್ನ ಕೈಯಲ್ಲಿ ತುಪ್ಪದ ಬಟ್ಟಲು, ಬಾಳೆಲೆ ಮೇಲೆ ಎಡೆ. ಅಮ್ಮನ ಗುಡ್ಡೆಯೂ ಇರಲಿಲ್ಲ, ಕಲ್ಲೂ ಇರಲಿಲ್ಲ. ಅಲ್ಲಿ ಒಂದು ಹಳ್ಳ ಇತ್ತು. ಜೆಸಿಬಿ ಹಲ್ಲಿನ ಗೆರೆ ಹಳ್ಳದ ಗೋಡೆ ಮೇಲೆ ಸಾಲಾಗಿ ಮೂಡಿತ್ತು. ಸ್ಮಶಾನದ ಹೊಳೆ ಕಡೆಯ ಭಾಗವೆಲ್ಲ ಹಾಗೇ ಕಿತ್ತುಹೋಗಿ, ಉಳಿದ ಬಯಲಿನ ಮೇಲೆ ಮರಳು ಗುಡ್ಡೆ ಹಾಕಿದ್ದರು. ನಮ್ಮ ಕಡೆ ಸತ್ತವರ ಮೇಲೆ ಹಾಕುವುದಕ್ಕೂ ಗುಡ್ಡೆ ಅಂತಲೇ ಅನ್ನುವುದು, ಮರಳು ಸುರಿಯುವುದಕ್ಕೂ ಗುಡ್ಡೆ ಅಂತಲೇ ಅನ್ನುವುದು. ಅವತ್ತು ಯಾವುದು ಯಾವುದೆಂದು ನನಗೆ ತಿಳಿಯಲಿಲ್ಲ. ಅಪ್ಪ ಹಾಲಿನ ಚೊಂಬು ಹಿಡಿದುಕೊಂಡು ಹಳ್ಳದ ಸುತ್ತ ಎರಡು ಸುತ್ತು ಬಂದರು. ಎಲ್ಲಿ ಬಿಡಬೇಕು ಅಂತ ಗೊತ್ತಾಗದೆ ಹಾಲನ್ನು ಹಾಗೇ ಮನೆಗೆ ವಾಪಸ್ಸು ತಂದರು.

ದಾರಿಯಲ್ಲಿ ದೊಡ್ಡಸ್ವಾಮಿಯ ಜೀಪು ಸಿಕ್ಕಿತು. ಅಪ್ಪ ಅಡ್ಡ ನಿಂತರು. ನಾನು ಹಿಂದೆ ಇದ್ದೆ, ತಲೆ ಮೇಲೆ ಸೆರಗು. ಅವನು ನನ್ನ ಕಡೆ ನೋಡಲೇ ಇಲ್ಲ. ಜೀಪಿನಿಂದ ಇಳಿಯಲೂ ಇಲ್ಲ. ಅಪ್ಪ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಾ ಅಂದ: "ನೀವ್ ಮಣ್ಣು ಮಾಡಿದ್ದು ಕಣಜ್ಜ. ನಾನ್ ತೆಗೆದಿದ್ದು ಮರಳು. ನಿಮ್ ಮಣ್ಣು ಅಲ್ಲೇ ಐತೆ, ಹುಡುಕ್ಕಳಿ."

ಜೀಪಿನಲ್ಲಿದ್ದವರು ನಕ್ಕರು. ನಾನು ಆ ಮಾತನ್ನು ಒಂದಕ್ಷರ ಬಿಡದೆ ಬಾಯಿಪಾಠ ಮಾಡಿಕೊಂಡೆ. ಎಂದಾದರೂ ಒಂದು ದಿನ ಅದನ್ನು ಅವನಿಗೇ ತಿರುಗಿಸಿ ಕೊಡುತ್ತೇನೆ ಅಂತ ಅಲ್ಲೇ, ರಸ್ತೆ ಮೇಲೆ, ಎಡೆಯ ಎಲೆ ಹಿಡಿದುಕೊಂಡೇ ತೀರ್ಮಾನ ಮಾಡಿದೆ.

ಅಪ್ಪ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟರು. ಹದಿನೈದು ದಿನ ಬಿಟ್ಟು ಕಚೇರಿಯಿಂದ ಸ್ಥಳ ನೋಡಲು ಬಂದರು. ಬರುವ ಸುದ್ದಿ ನಮಗಿಂತ ಮೊದಲು ದೊಡ್ಡಸ್ವಾಮಿಗೆ ಗೊತ್ತಿತ್ತು. ಮುಂಚಿನ ಎರಡು ದಿನ ಲಾರಿಗಳು ಹಗಲೆಲ್ಲ ಓಡಾಡಿ ಬಯಲನ್ನು ಖಾಲಿ ಮಾಡಿದವು, ಜೆಸಿಬಿ ಹಳ್ಳಕ್ಕೆ ಮಣ್ಣು ತಳ್ಳಿ ಮಟ್ಟ ಮಾಡಿತು. ಬಂದವರು ಬರೆದುಕೊಂಡು ಹೋದರು: ಸ್ಥಳದಲ್ಲಿ ಮರಳು ದಾಸ್ತಾನು ಕಂಡುಬಂದಿರುವುದಿಲ್ಲ, ಸ್ಮಶಾನಕ್ಕೆ ಯಾವುದೇ ಧಕ್ಕೆ ಉಂಟಾಗಿರುವುದಿಲ್ಲ. ಅವರು ಹೋದ ಮಾರನೇ ವಾರ ಗುಡ್ಡೆಗಳು ಮತ್ತೆ ಎದ್ದವು, ಮೊದಲಿಗಿಂತ ಎತ್ತರಕ್ಕೆ. ಅಪ್ಪ ಅಂಚೆಯಲ್ಲಿ ಬಂದ ಆ ವರದಿಯ ಕಾಗದವನ್ನು ಮಡಿಸಿ ದೇವರ ಗೂಡಿನಲ್ಲಿಟ್ಟರು. "ಹಂಗಾರೆ ನನ್ನ ಎಲ್ ಮಡಗ್ತೀಯವ್ವ?" ಅಂತ ಒಂದು ಸಲ ಕೇಳಿದರು. ಅದಾದ ಮೇಲೆ ಅವರು ಕೇಳಲಿಲ್ಲ, ಬೆಳಿಗ್ಗೆ ಡೈರಿಗೆ ಹಾಲು ಹಾಕುವುದು, ಹಸುವಿನ ಮುಂದೆ ಕೂರುವುದು, ಇಷ್ಟೇ.

ಡಿಸೆಂಬರಿನಲ್ಲಿ ದೊಡ್ಡಸ್ವಾಮಿ ತಾನಾಗೇ ನನ್ನ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದ. ನಾನು ಹುಡುಕಿಕೊಂಡು ಹೋಗಿರಲಿಲ್ಲ. ಅವನ ತಮ್ಮನ ಮಗಳ ಆರತಿ ಆಲ್ಬಂ ನಾನೇ ಮಾಡಿದ್ದೆ, ಅದನ್ನು ನೋಡಿ ಬಂದಿದ್ದ. ನಾನು ಯಾರ ಮಗಳು ಅಂತ ಅವನಿಗೆ ಗೊತ್ತಿರಲಿಲ್ಲ.

"ತಂಗೀ, ಬರೋ ಎಲೆಕ್ಷನ್ನಿಗೆ ನಿಂತ್ಕತಾ ಇವ್ನಿ. ಹೊಸ ವರ್ಷಕ್ಕೆ ಕ್ಯಾಲೆಂಡರ್ ಹೊಡಿಸ್ಬೇಕು, ತಾಲ್ಲೂಕಿಗೆಲ್ಲ ಹಂಚ್ಬೇಕು. ಎಲ್ಲರೂ ದೇವ್ರ ಪಟ ಹಾಕ್ತಾರೆ. ನಂದು ಬ್ಯಾರೆ ತರ ಇರ್ಬೇಕು. ಸಿನಿಮಾದಾಗೆ ಮರಳುಗಾಡು ತೋರುಸ್ತಾರಲ್ಲ, ಹೊತ್ತು ಮುಳುಗೋ ಟೈಮ್‌ನಾಗೆ, ಚಿನ್ನ ಸುರಿದಂಗೆ? ನಮ್ ಗುಡ್ಡೆಗಳು ಅದಕ್ಕಿಂತ ಏನ್ ಕಮ್ಮಿ? ಅದ್ರ ಮುಂದೆ ನನ್ನ ನಿಲ್ಸು."

ಸ್ಟ್ಯಾಂಡಿನ ತಿರುಪು ಬಿಗಿ ಮಾಡುವವಳ ಹಾಗೆ ಬಗ್ಗಿ ಕೂತೆ.

"ಆಗ್ಲಿ ಅಣ್ಣ" ಅಂದೆ. "ನಿಮ್ಮ ಜಮೀನಲ್ಲಿ ಬೇಡ, ಅಲ್ಲಿ ಕರೆಂಟ್ ಕಂಬ ಅಡ್ಡ ಬರುತ್ತೆ. ಹೊಳೆ ಈಚೆ ಬಯಲಲ್ಲೂ ಗುಡ್ಡೆ ಇದಾವಂತಲ್ಲ? ಬೆಳಕು ಅಲ್ಲಿ ಚೆನ್ನಾಗಿ ಬೀಳುತ್ತೆ."

"ಆಹಾ! ಇದಪ್ಪ ಕೆಲ್ಸ ಗೊತ್ತಿರೋರ ಮಾತು" ಅಂದ.

ಬೆಳಕಿನ ವಿಷಯ ಒಂದು ಹೇಳಬೇಕು. ಕಲ್ಲಿನ ಮೇಲೆ ಕೆತ್ತಿದ ಅಕ್ಷರ ನಡುಹಗಲಲ್ಲಿ ಫೋಟೊಗೆ ಸಿಗುವುದಿಲ್ಲ. ನೆತ್ತಿ ಮೇಲಿನ ಬಿಸಿಲು ಎಲ್ಲವನ್ನೂ ಮಟ್ಟ ಮಾಡಿಬಿಡುತ್ತದೆ. ಹೊತ್ತು ಮುಳುಗುವ ಕೊನೆಯ ಹತ್ತು ನಿಮಿಷ ಬೆಳಕು ಪಕ್ಕದಿಂದ, ನೆಲ ಸವರಿಕೊಂಡು ಬರುತ್ತದೆ. ಆಗ ಮರಳಿನ ಮೇಲೆ ಗಾಳಿ ಎಳೆದ ಒಂದೊಂದು ಗೆರೆಯೂ ಎದ್ದು ನಿಲ್ಲುತ್ತದೆ, ಅಕ್ಷರದ ಒಂದೊಂದು ಗೀರಿನೊಳಗೂ ನೆರಳು ಕೂರುತ್ತದೆ. ದೊಡ್ಡಸ್ವಾಮಿಗೆ ಚಿನ್ನ ಬೇಕಿತ್ತು, ನನಗೆ ನೆರಳು ಬೇಕಿತ್ತು. ಇಬ್ಬರಿಗೂ ಒಂದೇ ಹತ್ತು ನಿಮಿಷ.

ಅವತ್ತು ಅವನು ಬಿಳಿ ಪಂಚೆ, ಬಿಳಿ ಶರ್ಟು, ಕಾಲಿಗೆ ಹೊಸ ಕಪ್ಪು ಬೂಟು ಹಾಕಿ ಬಂದಿದ್ದ. ಪಂಚೆಗೆ ಬೂಟು! ಗುಡ್ಡೆಗಳು ಸಾಲಾಗಿ ಮಲಗಿದ್ದವು. ವಾರದ ಗಾಳಿಗೆ ಅವುಗಳ ನೆತ್ತಿ ಚೂಪಾಗಿ, ಒಂದು ಮಗ್ಗುಲು ಕೇಸರಿ, ಇನ್ನೊಂದು ಮಗ್ಗುಲು ನೀಲಿ. ಚೆಂದ ಇತ್ತು. ಅಮ್ಮನನ್ನು ಅಗೆದು ಹಾಕಿದ ಜಾಗ ಅಷ್ಟು ಚೆಂದ ಕಾಣುತ್ತಿದೆಯಲ್ಲ ಅಂತ ನನಗೆ ನನ್ನ ಕಣ್ಣಿನ ಮೇಲೇ ರೋಷ ಬಂತು. ಗುಡ್ಡೆಗಳ ನಡುವೆ ಉಳಿದ ಗೋರಿಕಲ್ಲುಗಳು ಅಲ್ಲೊಂದು ಇಲ್ಲೊಂದು ತಲೆ ಎತ್ತಿದ್ದವು. ಮೂಲೆಯಲ್ಲಿ ಸರ್ವೆಯವರು ನೆಟ್ಟಿದ್ದ ಸ್ಮಶಾನದ ಗಡಿಕಲ್ಲು. ಇವೆಲ್ಲ ಹಿಂದೆ ಬರುವ ಹಾಗೆ ಅವನನ್ನು ನಿಲ್ಲಿಸುವುದು, ಇಷ್ಟೇ ನನ್ನ ಲೆಕ್ಕಾಚಾರ. ಮನೆಯಿಂದ ಹೊರಟಾಗ ಇಷ್ಟೇ ಇದ್ದದ್ದು, ಆಣೆ ಮಾಡಿ ಹೇಳುತ್ತೇನೆ.

ಕ್ಯಾಮೆರಾ ಹೂಡಿ ನೋಡಿದರೆ, ಮುಂದಿನ ಗುಡ್ಡೆಯ ಬುಡದಲ್ಲಿ ಒರಗಿ ಬಿದ್ದಿತ್ತು ಅಮ್ಮನ ಕಲ್ಲು. ಜೆಸಿಬಿ ಎತ್ತಿ ಎಸೆದ ಹಾಗೆಯೇ, ಮೂತಿ ಮೇಲೆ ಮಾಡಿಕೊಂಡು. ಬೆಳಕು ಅದರ ಮೇಲೆ ಹರಿದು ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಚಿ. ಕ್ಕ. ತಾ. ಯ. ಮ್ಮ.

ನನ್ನ ಬಾಯಿಂದ ಮಾತು ಬಂತು. "ಅಣ್ಣ, ಬಲಗಾಲು ಆ ಕಲ್ಲಿನ ಮೇಲಿಡಿ. ಹೀರೋ ತರ ಕಾಣುತ್ತೆ."

ಅವನು ಕಾಲೆತ್ತಿದ. ಕಲ್ಲನ್ನು ನೋಡಿದ. ಕಾಲು ವಾಪಸ್ಸು ತೆಗೆದುಕೊಂಡ. "ಯಾರ್ದೋ ಗೋರಿಕಲ್ಲು ಕಣಮ್ಮ. ಬ್ಯಾಡ. ಒಂದ್ ತರ ಆಯ್ತದೆ."

ದೊಡ್ಡಸ್ವಾಮಿ ಹಾಗೆ ಅಂದ. ಸ್ಮಶಾನವನ್ನೇ ಲಾರಿಗೆ ತುಂಬಿದವನು, ಒಂದು ಕಲ್ಲಿನ ಮೇಲೆ ಕಾಲಿಡಲು ಹಿಂಜರಿದ. ನಾನು ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. "ಕಲ್ಲು ಕಲ್ಲೇ ಅಲ್ವಾ ಅಣ್ಣ. ಬೇಗ ಇಡಿ, ಬೆಳಕು ಹೋಗ್ತಾ ಇದೆ" ಅಂದೆ. ನಗುತ್ತಲೇ ಅಂದೆ. ಅವನು ಇಟ್ಟ. ಬೂಟು 'ಚಿಕ್ಕ'ವನ್ನು ಮುಚ್ಚಿತು, 'ತಾಯಮ್ಮ' ಉಳಿಯಿತು. "ಗಲ್ಲ ಸ್ವಲ್ಪ ಮೇಲಕ್ಕೆ" ಅಂದು ಒತ್ತಿದೆ. ಮೂರು ಸಲ ಒತ್ತಿದೆ. ಸೂರ್ಯ ಇಳಿದುಹೋದ.

ಪ್ರಿಂಟು ತೋರಿಸಿದಾಗ ಅವನು ತನ್ನ ಮೀಸೆ ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಸ್ಮಶಾನಕ್ಕೆ ಧಕ್ಕೆಯಿಲ್ಲ ಅನ್ನುವ ಕಚೇರಿಯ ಕಾಗದ ಜೇಬಿನಲ್ಲಿದ್ದವನಿಗೆ ಪಟದಲ್ಲಿ ಗೋರಿಕಲ್ಲು ಕಂಡರೆ ಯಾವ ಹೆದರಿಕೆ? "ಬಾಂಬೆಯೋರು ತೆಗ್ದಂಗೈತೆ" ಅಂತ ಮೆಚ್ಚಿಕೊಂಡು ಶಿವಕಾಶಿಗೆ ಕಳಿಸಿದ. ಜನವರಿ ಮೊದಲ ವಾರ ಅವನ ಹುಡುಗರು ಕ್ಯಾಲೆಂಡರ್ ಹಿಡಿದು ಊರೂರು ಸುತ್ತಿದರು. ಟೀ ಅಂಗಡಿ, ಕಟಿಂಗ್ ಶಾಪು, ತಾಲ್ಲೂಕು ಕಚೇರಿ, ಕೊನೆಗೆ ನಮ್ಮೂರ ಹಾಲಿನ ಡೈರಿ.

ಡೈರಿ ಸೆಕ್ರೆಟರಿ ಪುಟ್ಟಮಾದಯ್ಯ ಅದನ್ನು ಮೊಳೆಗೆ ತಗುಲಿಸಿ, ಹಾಲು ಅಳೆಯುತ್ತಾ ಕೂತಿದ್ದರಂತೆ. ಕ್ಯೂನಲ್ಲಿ ನಿಂತವರು ಹೊತ್ತು ಹೋಗಲೆಂದು ಕ್ಯಾಲೆಂಡರ್ ನೋಡಿದ್ದಾರೆ. ಒಬ್ಬ ಕ್ಯಾನು ಕೆಳಗಿಟ್ಟು ಹತ್ತಿರ ಹೋದನಂತೆ. "ಲೇ, ಆ ಮೊಂಡುಗಲ್ಲು ನಮ್ಮಪ್ಪಂದು ಕಣ್ಲಾ." ಅವನ ಹಿಂದಿನವನು, "ಅದ್ರ ಪಕ್ದಾಗಿರೋದು ನಮ್ಮಜ್ಜಿದು!" ಅಂದ. ಹತ್ತು ನಿಮಿಷದಲ್ಲಿ ಹಾಲು ಅಳೆಯುವುದು ನಿಂತುಹೋಯಿತು. ಊರಿನಲ್ಲಿ ಯಾರ ಮನೆಯವರು ಆ ಬಯಲಲ್ಲಿ ಇಲ್ಲ ಹೇಳಿ? ಲಾರಿಗೆ ಮರಳು ತುಂಬಿದವರೂ ತಮ್ಮ ತಮ್ಮ ಕಲ್ಲು ಹುಡುಕಿದರು. ತುಂಬುವಾಗ ಕಾಣದೇ ಇದ್ದದ್ದು ಪಟದಲ್ಲಿ ಕಂಡಿತ್ತು. ಆಮೇಲೆ ಯಾರೋ ಬೂಟಿನ ಮಗ್ಗುಲಲ್ಲಿ ಉಳಿದಿದ್ದ ಹೆಸರು ಓದಿದರು. "ತಾಯಮ್ಮ ಅಂತ ಐತಲ್ರಲಾ! ತುಳ್ಕಂಡ್ ನಿಂತವ್ನೆ!"

ಮಾರನೇ ದಿನ ಮನೆಗೊಬ್ಬರಂತೆ ತಾಲ್ಲೂಕು ಕಚೇರಿಗೆ ಬಂದರು. ಪ್ರತಿಯೊಬ್ಬರ ಕಂಕುಳಲ್ಲೂ ದೊಡ್ಡಸ್ವಾಮಿ ಪುಕ್ಕಟೆ ಹಂಚಿದ ಕ್ಯಾಲೆಂಡರಿನ ಸುರುಳಿ. ನಾನೂ ಗುಂಪಿನಲ್ಲಿ ಹಿಂದೆ ನಿಂತೆ. ಸಾಹೇಬರು ಹಳೇ ವರದಿ ತೆಗೆದು ದಾಸ್ತಾನು ಇಲ್ಲ ಅಂತ ಓದತೊಡಗಿದರು. ಪುಟ್ಟಮಾದಯ್ಯ ಕೈಮುಗಿದು, "ಸ್ವಾಮಿ, ಒಸಿ ಹಿಂದಕ್ಕೆ ತಿರುಗಿ ನೋಡಿ" ಅಂದರು. ಸಾಹೇಬರ ತಲೆಯ ಮೇಲೆ, ಗೋಡೆಯಲ್ಲಿ, ಮರಳುಗುಡ್ಡೆಗಳ ಮುಂದೆ ದೊಡ್ಡಸ್ವಾಮಿ ಗಲ್ಲ ಎತ್ತಿಕೊಂಡು ನಿಂತಿದ್ದ. ಪಕ್ಕದಲ್ಲಿ ಗಡಿಕಲ್ಲು. ಕೆಳಗೆ ಜನವರಿ.

ಆ ಕ್ಷಣದ ಸಂತೋಷವನ್ನು ನಾನು ಯಾರಿಗೂ ಕೊಡುವುದಿಲ್ಲ. ಇವತ್ತಿಗೂ ನಿದ್ದೆ ಬಾರದಿದ್ದರೆ ಸಾಹೇಬರು ಕುರ್ಚಿಯಲ್ಲಿ ತಿರುಗಿದ್ದನ್ನು ನೆನೆಸಿಕೊಳ್ಳುತ್ತೇನೆ.

ದೊಡ್ಡಸ್ವಾಮಿ ಅದು ಕಂಪ್ಯೂಟರಿನಲ್ಲಿ ಮಾಡಿದ ಗ್ರಾಫಿಕ್ಸು ಅಂದ. ನಾನು ನೆಗೆಟಿವ್ ತೆಗೆದುಕೊಂಡು ಹೋಗಿ ಸಾಹೇಬರಿಗೆ ಕಿಟಕಿ ಬೆಳಕಿಗೆ ಹಿಡಿದು ತೋರಿಸಿದೆ. ಪರ್ಮಿಟ್ಟು ಹೋಯಿತು, ಲಾರಿಗಳನ್ನು ಸ್ಟೇಷನ್ ಮುಂದೆ ನಿಲ್ಲಿಸಿದರು, ಎಲೆಕ್ಷನ್ನಿಗೆ ಅವನ ಹೆಸರೇ ಬರಲಿಲ್ಲ. ಸ್ಮಶಾನವನ್ನು ಅಳೆದು ಸುತ್ತ ಬೇಲಿ ಹಾಕಿದರು. ಒಂದು ಮಧ್ಯಾಹ್ನ ಅವನು ಸ್ಟುಡಿಯೋಗೆ ಬಂದ, ಒಬ್ಬನೇ.

"ತಂಗೀ ಅಂದಿದ್ನಲ್ಲಮ್ಮ ನಿನ್ನ. ಯಾಕ್ ಹಿಂಗ್ ಮಾಡ್ಬುಟ್ಟೆ?"

ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ್ದೆನಲ್ಲ. "ನೀವು ತೆಗಿ ಅಂದಿದ್ದು ಮರಳು ಅಣ್ಣ. ನಾನು ತೆಗೆದಿದ್ದು ಮಣ್ಣು. ನಿಮ್ಮ ಮರಳು ಅಲ್ಲೇ ಇದೆ, ಹುಡುಕಿಕೊಳ್ಳಿ" ಅಂದೆ.

ಅವನಿಗೆ ಆಗ ಹೊಳೆಯಿತು, ನಾನು ಯಾರೆಂದು. "ಕಾಲಿಡಕ್ಕೆ ನಾ ಬ್ಯಾಡ ಅಂದಿದ್ದೆ. ಇಡು ಅಂದೋಳು ನೀನು. ಊರೋರು ಬೇರೆ ಎಲ್ಲನೂ ಮರ್ತಾರು, ಅದೊಂದ್ನ ಮರೆಯಾಕಿಲ್ಲ."

"ಹೋಗಿ ಹೇಳಿ ಅಣ್ಣ. ಯಾರು ನಂಬ್ತಾರೆ ನೋಡೋಣ" ಅಂದೆ. ಅವನು ಮೆಟ್ಟಿಲಿಳಿದು ಹೋದ. ಎಷ್ಟೋ ವರ್ಷದ ಮೇಲೆ ಯಾವುದೋ ಕಾರ್ಡಿಗೆ ಪಾಸ್‌ಪೋರ್ಟ್ ಸೈಜ್ ಫೋಟೊ ಬೇಕೆಂದು ಮತ್ತೆ ಬಂದಿದ್ದ. ಮೀಸೆ ಬೆಳ್ಳಗಾಗಿತ್ತು. ಸ್ಟೂಲಿನ ಮೇಲೆ ಕೂತು ಕಾಲು ಎಲ್ಲಿಡಬೇಕು ಅಂತ ನೆಲ ನೋಡುತ್ತಿದ್ದ. "ಎಲ್ಲಿ ಬೇಕಾದರೂ ಇಡಿ ಅಣ್ಣ, ಇದರಲ್ಲಿ ಕಾಲು ಬರೋದಿಲ್ಲ" ಅಂದೆ.

ಆದರೆ ಕ್ಯಾಲೆಂಡರ್ ಬಂದ ಆ ವರ್ಷದ ಕತೆ ಅಲ್ಲಿಗೆ ಮುಗಿಯಲಿಲ್ಲ. ಅಮ್ಮನ ಕಲ್ಲನ್ನು ಊರಿನವರೇ ಎತ್ತಿ ನಿಲ್ಲಿಸಿದರು, ಸುಮಾರು ಇಂಥ ಕಡೆ ಅಂತ ಅಂದಾಜಿನ ಮೇಲೆ. ಅದರ ಕೆಳಗೆ ಅಮ್ಮ ಇರಲಿಲ್ಲ. ಬಿಡದಿಯ ಯಾವ ಗೋಡೆಯೊಳಗಿದ್ದಾರೋ. ಮುಂದಿನ ಪಿತೃಪಕ್ಷಕ್ಕೆ ನಾನೂ ಅಪ್ಪನೂ ಮತ್ತೆ ಹೋದೆವು. ನಾನು ಹೊಸ ಸೀರೆ ಉಟ್ಟಿದ್ದೆ. ಅಪ್ಪ ಏನಾದರೂ ಹೇಳುತ್ತಾರೆ, ಗೆದ್ದೆ ಕಣವ್ವ ಅನ್ನುತ್ತಾರೆ ಅಂತ ಒಂಬತ್ತು ತಿಂಗಳಿಂದ ಕಾಯುತ್ತಿದ್ದೆ. ಅವರು ಕ್ಯಾಲೆಂಡರಿನ ವಿಷಯ ಒಂದು ಸಲವೂ ಎತ್ತಿರಲಿಲ್ಲ.

ಹಾಲಿನ ಜೊತೆ ಅವತ್ತು ಅವರು ಇನ್ನೊಂದು ಚೊಂಬಿನಲ್ಲಿ ನೀರು ತಂದಿದ್ದರು. ಅದನ್ನು ನನ್ನ ಕೈಗೆ ಕೊಟ್ಟರು.

"ಮೊದ್ಲು ಕಲ್ಲು ತೊಳಿ."

"ಯಾಕಪ್ಪ?"

"ಊರೋರೆಲ್ಲ ಅವ್ನು ಸೊಕ್ಕಿಗೆ ಕಾಲಿಟ್ಟ ಅಂದ್ರು. ನಾನೂ ಹೂಂ ಅಂದೆ" ಅಂದರು ಅಪ್ಪ. ನನ್ನ ಮುಖ ನೋಡಲಿಲ್ಲ, ಕಲ್ಲನ್ನೇ ನೋಡುತ್ತಿದ್ದರು. "ನಿನ್ ಕ್ಯಾಮ್ರಾ ಮುಂದೆ ಯಾವ ಮನುಷ್ಯ ತಾನಾಗೇ ಕಾಲಿಟ್ಟವ್ನೆ ಮಗ? ಅವ್ನು ಮಾಡಿದ್ದಕ್ಕೆ ಗೌರ್ಮೆಂಟ್ ಐತೆ. ನೀನು ಮಾಡಿದ್ದಕ್ಕೆ ಈ ಚೊಂಬು ನೀರೈತೆ. ತೊಳಿ."

ತೊಳೆದೆ. ಒಂದು ಮಳೆಗಾಲ ಪೂರ್ತಿ ನೆನೆದ ಕಲ್ಲು, ಬೂಟಿನ ಗುರುತು ಏನೂ ಇರಲಿಲ್ಲ. ಆದರೂ 'ಚಿಕ್ಕ'ದ ಮೇಲೆ ಬೆರಳಿಟ್ಟು ಉಜ್ಜಿದೆ, ಅಪ್ಪ ಸಾಕು ಅನ್ನುವವರೆಗೂ. ಅವರು ಬೇಗ ಸಾಕು ಅನ್ನಲಿಲ್ಲ. ಆಮೇಲೆ ಹಾಲು ಬಿಟ್ಟು, ಪಕ್ಕದ ಜಾಗವನ್ನು ಮತ್ತೊಮ್ಮೆ ಕಾಲಲ್ಲಿ ಅಳೆದರು.

ಈಗ ಅಲ್ಲಿ ಅವರೇ ಇದ್ದಾರೆ. ಪ್ರತಿ ಪಿತೃಪಕ್ಷಕ್ಕೂ ಎರಡು ಚೊಂಬು ಒಯ್ಯುತ್ತೇನೆ. ದೊಡ್ಡಸ್ವಾಮಿಯನ್ನು ಕ್ಷಮಿಸಿಲ್ಲ, ಕ್ಷಮಿಸುವ ಇರಾದೆಯೂ ಇಲ್ಲ. ಆ ನೆಗೆಟಿವ್ ಇನ್ನೂ ನನ್ನ ಬೀರುವಿನಲ್ಲಿದೆ. ಸುಟ್ಟುಬಿಡೋಣ ಅಂತ ಎಷ್ಟೋ ಸಲ ಕೈಗೆ ತೆಗೆದುಕೊಂಡಿದ್ದೇನೆ, ಹೋದ ತಿಂಗಳು ಮರಳಿನ ವಾಸನೆ ಬಂದ ಸಂಜೆಯೂ ತೆಗೆದೆ. ಕಲ್ಲು ಈಗ ಪಾಚಿ ಕಟ್ಟಿ ಅಕ್ಷರಗಳು ಮಾಸಿವೆ. ಅಮ್ಮನ ಹೆಸರು ಚೆನ್ನಾಗಿ ಕಾಣುವುದು ಅದೊಂದರಲ್ಲೇ, ಅದೂ ಅರ್ಧ. ಉಳಿದರ್ಧದ ಮೇಲೆ ನಾನು ಇಡಿಸಿದ ಕಾಲಿದೆ.